ನೀಟಾದ ಅಂಗಳಕ್ಕೆ ಜೇನು ಕರೆಯೋ ನಮ್ಮೂರ ಗಿಡ: ಸ್ಫಟಿಕಾನಾ, ತಂಗಡೀನಾ, ತುಳಸೀನಾ?

ದಿನಾ ಕಸ ಹೊಡ್ದು, ನೀರು ಚಿಮುಕಿಸಿ, ರಂಗೋಲಿ ಬಿಡೋ ಅಂಗಳದಾಗೆ "ಜೇನು ಚಿಟ್ಟೆ ಬರ್ಲಿ, ನಮ್ಮ ಕಡೆ ಗಿಡ ಹಾಕ್ತೀನಿ" ಅಂದ್ರೆ ಮನೇಲಿ ಯಾರೂ ಖುಷಿ ಪಡಲ್ಲ. ಅತ್ತೆ "ಹಾವು ಸೇರ್ಕಂತಾವೆ" ಅಂತಾರೆ, ಪಕ್ಕದ ಮನೆಯವ್ರು ಕಾಂಪೌಂಡ್ ಮೇಲಿಂದ ಇಣುಕಿ "ಏನಕ್ಕಾ, ಅಡವಿ ಬೆಳೆಸ್ತಿದೀರಾ" ಅಂತಾರೆ, ಮನೆಯವ್ರು ಬೈಕ್ ನಿಲ್ಸಾಕೆ ಜಾಗ ಎಲ್ಲಿ ಅಂತ ಕೇಳ್ತಾರೆ. ಹಂಗಾಗಿ ಮುಕ್ಕಾಲು ಮಂದಿ ಗೋಲ್ಡನ್ ಡುರಾಂಟ ಸಾಲು, ಒಂದು ಪಾಮ್, ನಾಲ್ಕು ಸೇವಂತಿಗೆ ಪಾಟು ತಂದಿಟ್ಟು ಸುಮ್ನಾಗ್ತಾರೆ. ಡುರಾಂಟ ಅಮೆರಿಕದ ಕಡೆಯ ಗಿಡ, ಬೇಲಿ ಥರ ವಾರವಾರ ಕತ್ತರಿಸಿದ್ರೆ ಅದ್ರಾಗೆ ಹೂವೇ ಬರಲ್ಲ, ಜೇನಿಗೆ ಅದು ಹಸಿರು ಗೋಡೆ ಇದ್ದಂಗೆ ಅಷ್ಟೇ.

ನಾನು ಇಲ್ಲಿ ಹೇಳ್ತಿರೋದು ದಾವಣಗೆರೆ, ಚಿತ್ರದುರ್ಗದ ಕಡೆ ನೆಲದ ಗಿಡಗಳಲ್ಲಿ, ಒಂದ್ಸಲ ಹಾಕಿದ್ರೆ ವರ್ಷಗಟ್ಲೆ ಇರೋವು, ಹೂ ಬಿಡೋವು, ಅಂಗಳದ ಮರ್ಯಾದೆನೂ ಉಳಿಸೋವು ಯಾವು ಅಂತ. ಆರಿಸೋ ರೀತಿ ಮಾತ್ರ ಬೇರೆ ಇಟ್ಕಳ್ರಿ. ಎಲ್ರೂ ಹೂವಿದ್ದಾಗಿನ ಫೋಟೋ ನೋಡಿ ಗಿಡ ತರ್ತಾರೆ, ಆದ್ರೆ ಮನೆಯವ್ರು ಗಿಡ ಕಿತ್ತು ಹಾಕೋದು ಹೂ ಇಲ್ಲದ ತಿಂಗಳಲ್ಲಿ, ಒಣಕಲು ಕಡ್ಡಿ ಥರ ನಿಂತಾಗ. ಹಂಗಾಗಿ ಪ್ರತಿ ಗಿಡಕ್ಕೂ ನಾನು ಎರಡೇ ಪ್ರಶ್ನೆ ಕೇಳ್ತೀನಿ. ಏಪ್ರಿಲ್ ಬಿಸಿಲಿಗೆ ಅದು ಹೆಂಗೆ ಕಾಣ್ತದೆ? ಕತ್ತರಿ ಹಾಕಿದ್ರೆ ತಡ್ಕಂತದಾ?

ಇನ್ನೊಂದು ವಿಷಯ ಮಣ್ಣು. 1997ರ ತನಕ ಎರಡೂ ಒಂದೇ ಜಿಲ್ಲೆ ಆಗಿತ್ತು, ಮಣ್ಣು ಮಾತ್ರ ಆಗ್ಲೂ ಎರಡು ಥರ. ದಾವಣಗೆರೆ ಸುತ್ತ ಬಹಳ ಕಡೆ ಎರೆ, ಮಳೆ ಬಂದ್ರೆ ನೀರು ಹಿಡ್ಕಂಡು ಕೂರ್ತದೆ, ಬೇಸಿಗೆಗೆ ಬೆರಳು ತೂರೋವಷ್ಟು ಬಿರುಕು ಬಿಡ್ತದೆ. ದುರ್ಗದ ಕಡೆ ಹೆಚ್ಚಾಗಿ ಕೆಂಪು ಮಣ್ಣು, ಗರಸು, ಬುಡದಾಗೆ ಕಲ್ಲು. ಮಳೆ ಎರಡೂ ಕಡೆ ಅಷ್ಟಕ್ಕಷ್ಟೇ, ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು, ಚಳ್ಳಕೆರೆ ಕಡೆ ಹೋದ್ರೆ ಇನ್ನೂ ಕಮ್ಮಿ. ಜೊತೆಗೆ ಬೋರ್‌ವೆಲ್ ನೀರು ಗಡಸು, ಎಲೆ ಮೇಲೆ ಬಿದ್ದ ಹನಿ ಒಣಗಿದ್ರೆ ಬಿಳಿ ಕಲೆ ಉಳೀತದೆ. ಬೆಂಗಳೂರಿನ ತೋಟದ ವಿಡಿಯೋ ನೋಡ್ಕಂಡು ಗಿಡ ತಂದ್ರೆ ಇಲ್ಲಿ ನಡಿಯಲ್ಲ ಅನ್ನೋದು ಅದಕ್ಕೇ.

ಮೊದ್ಲು ತುಳಸಿ, ಯಾಕಂದ್ರೆ ಅದು ನಿಮ್ಮ ಮನೇಲಿ ಆಗ್ಲೇ ಐತೆ, ಹೊಸದಾಗಿ ಯಾರನ್ನೂ ಒಪ್ಪಿಸ್ಬೇಕಾಗಿಲ್ಲ. ಜೇನಿಗೆ ತುಳಸಿ ಹೂವು ಅಂದ್ರೆ ಪ್ರಾಣ. ಕಡ್ಡಿಯಷ್ಟು ತೆನೆ, ಅದ್ರಾಗೆ ಸಾಸಿವೆ ಕಾಳಷ್ಟು ಹೂ, ನಮ್ಮ ಕಣ್ಣಿಗೆ ಏನೂ ಅಲ್ಲ, ಆದ್ರೆ ಬೆಳಿಗ್ಗೆ ಎಂಟರಿಂದ ಹತ್ತರ ಒಳಗೆ ಕಟ್ಟೆ ಹತ್ರ ನಿಂತು ನೋಡ್ರಿ, ತುಡುವೆ, ಕೋಲುಜೇನು, ಸೊಳ್ಳೆಯಷ್ಟೇ ಇರೋ ನಸರಿ ಜೇನು, ಹೊಟ್ಟೆ ಮೇಲೆ ನೀಲಿ ಪಟ್ಟೆ ಇರೋ ಒಂಟಿ ಜೇನು, ಎಲ್ಲಾ ಅಲ್ಲೇ ಇರ್ತಾವೆ. ತೊಂದರೆ ಏನಪ್ಪಾ ಅಂದ್ರೆ ನಾವು ತೆನೆ ಬಂದ ತಕ್ಷಣ ಚಿವುಟಿ ಹಾಕ್ತೀವಿ, ಗಿಡ ದಟ್ಟ ಆಗ್ಲಿ ಅಂತ. ಚಿವುಟೋದು ತಪ್ಪಲ್ಲ, ಬೀಜ ಕಟ್ಟಕ್ಕೆ ಬಿಟ್ರೆ ಗಿಡ ಬೇಗ ಕಟ್ಟಿಗೆ ಆಗ್ತದೆ ಅನ್ನೋದು ನಿಜ. ಅದಕ್ಕೆ ದಾರಿ, ಎರಡು ಮೂರು ಗಿಡ ಇಟ್ಕಂಡು ಸರದಿ ಪ್ರಕಾರ ಚಿವುಟೋದು, ಒಂದನ್ನ ಚಿವುಟಿದಾಗ ಇನ್ನೊಂದರಲ್ಲಿ ಹೂ ಇರ್ಬೇಕು, ಹೂವೆಲ್ಲ ಉದುರಿ ತೆನೆ ಕಂದು ಆದ್ಮೇಲೆ ಕತ್ತರಿಸಿ. ಪೂಜೆ ಗಿಡ ಕಟ್ಟೆ ಮೇಲೆ ಇರ್ಲಿ, ಜೇನಿನ ಗಿಡ ಪಕ್ಕದ ಪಾಟಲ್ಲಿ ಇರ್ಲಿ, ಮನೇಲಿ ಹಿರಿಯರಿಗೂ ಬೇಜಾರಿಲ್ಲ. ಏಪ್ರಿಲ್‌ನಲ್ಲಿ ನೀರು ಹಾಕಿದ್ರೆ ಚೆನ್ನಾಗೇ ಇರ್ತದೆ, ಮರೆತ್ರೆ ಎರಡೇ ದಿನಕ್ಕೆ ಜೋತು ಬೀಳ್ತದೆ. ಆಯಸ್ಸು ಎರಡು ಮೂರು ವರ್ಷ, ಆಮೇಲೆ ಬುಡದಾಗೆ ತಾನಾಗೇ ಬಿದ್ದ ಸಸಿ ತಗಂಡು ಮುಂದುವರಿಸೋದು.

ಇನ್ನು ಸ್ಫಟಿಕ ಮತ್ತೆ ಗೋರಂಟೆ. ಇವೆರಡೂ ಒಂದೇ ಬಳಗ. ಸ್ಫಟಿಕದ್ದು ನೇರಳೆ, ಬಿಳಿ, ಇಲ್ಲಾ ಬಿಳಿ ಮೇಲೆ ಗುಲಾಬಿ ಗೀರಿರೋ ಹೂ, ಮುಳ್ಳಿಲ್ಲ. ಗೋರಂಟೆದು ಅರಿಶಿಣ ಹಳದಿ ಹೂ, ಗೆಣ್ಣುಗೆಣ್ಣಿಗೂ ಸೂಜಿಯಂಥ ಮುಳ್ಳುಗಳು. ಮದರಂಗಿಗೂ ಕೆಲವರು ಗೋರಂಟಿ ಅಂತಾರೆ, ಅದಲ್ಲ ಇದು, ನರ್ಸರೀಲಿ ಕೇಳೋವಾಗ ಹಳದಿ ಹೂವಿನ ಮುಳ್ಳು ಗೋರಂಟೆ ಅಂತ ಬಿಡಿಸಿ ಹೇಳಿ. ನೀಟಾದ ಅಂಗಳಕ್ಕೆ ನನ್ನ ಓಟು ಸ್ಫಟಿಕಕ್ಕೆ. ಕಾರಣ ಕತ್ತರಿ. ಹೂ ಮುಗಿದ್ಮೇಲೆ, ಫೆಬ್ರವರಿ ಹೊತ್ತಿಗೆ, ನೆಲದಿಂದ ಒಂದೂವರೆ ಅಡಿ ಬಿಟ್ಟು ಸಮಕ್ಕೆ ಕತ್ತರಿಸಿದ್ರೆ ಸಾಕು, ಆಗಾಗ ನೀರು ಸಿಕ್ರೆ ಬೇಸಿಗೆ ಪೂರ್ತಿ ಅಡ್ಡಗೋಡೆ ಥರ ಹಸಿರಾಗಿ ನಿಲ್ತದೆ, ಮಳೆ ಬಿದ್ದ ಕೂಡ್ಲೇ ತುಂಬ್ಕಂತದೆ, ದಸರಾ ದಾಟಿದ್ಮೇಲೆ ಸಂಕ್ರಾಂತಿ ತನಕ ಹೂವೋ ಹೂವು. ಆದ್ರೆ ಒಂದು ನೆನಪಿಡಿ, ಜೂನ್ ಜುಲೈನಲ್ಲಿ ಒಂದ್ಸಲ ಮೇಲಿಂದ ಚಿವುಟಬಹುದು, ಆಗಸ್ಟ್ ಆದ್ಮೇಲೆ ಕತ್ತರಿ ಮುಟ್ಟಬಾರ್ದು, ಮೊಗ್ಗು ಕಟ್ಟೋದು ತುದೀಲಿ. ಎಷ್ಟೋ ಮನೇಲಿ ಗಣಪತಿ ಹಬ್ಬಕ್ಕೆ ಕ್ಲೀನಿಂಗ್ ಅಂತ ಮಾಲಿನ ಕರ್ಸಿ ಎಲ್ಲಾ ಸವರಿಸಿಬಿಡ್ತಾರೆ, ಆಮೇಲೆ ಈ ಗಿಡ ಹೂ ಬಿಡಲ್ಲ ಅಂತ ದೂರು.

ಗೋರಂಟೆ ಸ್ಫಟಿಕಕ್ಕಿಂತ ಗಟ್ಟಿ, ನೀರಿಲ್ದೆ ಬದುಕ್ತದೆ, ಗರಸು ನೆಲದಾಗೂ ನಡಿತದೆ, ಬೀದಿ ದನ ಮೂಸೂ ನೋಡಲ್ಲ. ಚಿಕ್ಕ ಮಕ್ಕಳು ಓಡಾಡೋ ದಾರಿ ಪಕ್ಕ ಬೇಡ, ಕಾಂಪೌಂಡ್ ಆಚೆ ಬದಿಗೆ, ಗೇಟ್ ಪಕ್ಕಕ್ಕೆ ಸರಿ. ಎರಡರ ಎಲೇನೂ ಪ್ಯಾನ್ಸಿ ಜಾತಿ ಚಿಟ್ಟೆಗಳ ಮರಿಗೆ ಊಟ. ಕಪ್ಪಗೆ, ಮೈಯೆಲ್ಲ ಮುಳ್ಳುಮುಳ್ಳು ಇರೋ ಹುಳ ಎಲೆ ಕೊರೀತಿರೋದು ಕಂಡ್ರೆ ಕಂಬಳಿಹುಳ ಅಂತ ಪೊರಕೆ ತಗಂಡು ಓಡಬೇಡ್ರಿ. ಕಂಬಳಿಹುಳಕ್ಕೆ ಮೈತುಂಬ ಮೆತ್ತನೆ ಕೂದಲು ಇರ್ತದೆ, ಚರ್ಮಕ್ಕೆ ತಾಗಿದ್ರೆ ತುರಿಕೆ. ಇದಕ್ಕೆ ಕವಲೊಡೆದ ಗಟ್ಟಿ ಮುಳ್ಳು, ನೋಡೋಕೆ ಭಯ, ಮಾಡೋದು ಏನೂ ಇಲ್ಲ. ಎಲೆ ತೂತಾದ್ರೂ ಗಿಡ ಸಾಯಲ್ಲ, ಹದಿನೈದು ದಿನದಾಗೆ ಮತ್ತೆ ಚಿಗುರ್ತದೆ.

ಈಗ ತಂಗಡಿ. ಆವರಿಕೆ, ಹೊನ್ನಾವರಿಕೆ ಅಂತಾನೂ ಅಂತಾರೆ. ದುರ್ಗದಿಂದ ಹಿರಿಯೂರು, ಚಳ್ಳಕೆರೆ ಕಡೆ ಹೋಗೋ ದಾರಿ ಪಕ್ಕ ಬಂಗಾರದ ಬಣ್ಣದ ಹೂ ಹೊತ್ಕಂಡು ನಿಂತಿರ್ತದಲ್ಲ, ಅದೇ. ದೀಪಾವಳಿಗೆ ಸಗಣಿ ಪಾಂಡವರಿಗೆ ಸಿಕ್ಸೋಕೆ ಹಳ್ಳಿ ಕಡೆ ಇದನ್ನೇ ತರ್ತಾರೆ, ಪಕ್ಕದ ತೆಲಂಗಾಣದವ್ರು ಇದನ್ನ ರಾಜ್ಯದ ಹೂವು ಅಂತಾನೇ ಮಾಡ್ಕಂಡಿದಾರೆ, ಹಿಂದೆ ಇದರ ತೊಗಟೆ ಚರ್ಮ ಹದ ಮಾಡೋಕೆ ಹೋಗ್ತಿತ್ತು. ಇಷ್ಟೆಲ್ಲ ಇದ್ರೂ ನಮ್ಮ ಕಡೆ ಮನೆ ಮುಂದೆ ಇದನ್ನ ಬೇಕಂತ ನೆಟ್ಟೋರು ಕಮ್ಮಿ, ಪುಕ್ಕಟೆ ಸಿಗೋ ಗಿಡಕ್ಕೆ ಬೆಲೆ ಇಲ್ಲ.

ದುಂಬಿ ನೋಡ್ಬೇಕು ಅನ್ನೋರು ತಂಗಡಿ ಹಾಕ್ರಿ. ಇದ್ರ ಹೂವಿನಾಗೆ ಮಕರಂದ ಇಲ್ಲ, ಇರೋದು ಪರಾಗ ಮಾತ್ರ, ಅದೂ ಬಾಗಿದ ಕೇಸರದ ಒಳಗೆ, ತುದೀಲಿ ಸಣ್ಣ ತೂತು, ಉಪ್ಪಿನ ಡಬ್ಬಿ ಥರ ಅಲ್ಲಾಡಿಸಿದ್ರೆ ಮಾತ್ರ ಉದುರೋದು. ಕರಿ ದುಂಬಿ ಬಂದು ಕೇಸರಾನ ತಬ್ಬಿ ಹಿಡ್ಕಂಡು, ರೆಕ್ಕೆ ಬಡಿಯೋದು ನಿಲ್ಲಿಸಿ, ಎದೆ ಸ್ನಾಯು ಮಾತ್ರ ಅದುರಿಸ್ತದೆ. ಹಾರ್ತಿದ್ದಾಗಿನ ಸದ್ದು ಬೇರೆ, ಹೂವಿನ ಮೇಲೆ ಕೂತಾಗಿನ ಸದ್ದು ಬೇರೆ, ಗುಂಯ್ ಅನ್ನೋದು ಇದ್ದಕ್ಕಿದ್ದಂಗೆ ಸಣ್ಣ ದನಿಗೆ ಏರಿ ಝೀಂ ಅಂತ ತುಂಡುತುಂಡಾಗಿ ಕೇಳ್ತದೆ, ಆಗ ಹೊಟ್ಟೆ ಅಡಿಗೆ ಹಳದಿ ಪುಡಿ ಉದುರ್ತದೆ. ನೀಲಿ ಪಟ್ಟೆ ಜೇನಿಗೂ ಈ ವಿದ್ಯೆ ಗೊತ್ತು, ತುಡುವೆ ಹೆಜ್ಜೇನಿಗೆ ಬರಲ್ಲ, ಅವು ಕೆಳಗೆ ಬಿದ್ದಿದ್ದನ್ನ ಆರಿಸ್ಕಂತಾವೆ. ಹಿತ್ತಲಲ್ಲಿ ಬದನೆ, ಟೊಮ್ಯಾಟೊ ಇದ್ರೆ ಲಾಭ ಡಬಲ್, ಅವುಕ್ಕೂ ಇದೇ ಥರ ಅದುರಿಸೋ ಹುಳ ಬಂದ್ರೆ ಕಾಯಿ ಚೆನ್ನಾಗಿ ಕಟ್ತದೆ. ಎಲೆ ಮೇಲೆ ಹಳದಿ ಚಿಟ್ಟೆ, ತಿಳಿ ಹಸಿರು ಬಿಳಿ ವಲಸೆ ಚಿಟ್ಟೆ ಮೊಟ್ಟೆ ಇಡ್ತಾವೆ.

ಹಂಗಂತ ಎಲ್ಲರ ಅಂಗಳಕ್ಕೂ ತಂಗಡಿ ಆಗಲ್ಲ. ಬಿಟ್ರೆ ಆರು ಅಡಿ ಎತ್ತರ, ಅಷ್ಟೇ ಅಗಲ. 30×40 ಸೈಟಲ್ಲಿ ಮನೆ ಕಟ್ಟಿ ಕಾಂಪೌಂಡಿಗೂ ಗೋಡೆಗೂ ಮಧ್ಯ ಮೂರು ಅಡಿ ಉಳಿಸ್ಕಂಡೋರಿಗೆ ಇದು ಓಡಾಡಾಕೆ ಅಡ್ಡ ಬರ್ತದೆ. ಹೂ ಉದುರಿದ್ಮೇಲೆ ಚಪ್ಪಟೆ ಕಾಯಿ ಗೊಂಚಲು ಕಂದು ಆಗಿ ನೇತಾಡ್ತಾವೆ, ಅದೇ ಇದ್ರ ಕೆಟ್ಟ ರೂಪ, ಕಸಬರಿಗೆ ಸಿಗಿಸಿದಂಗೆ ಕಾಣ್ತದೆ ಅಂತ ಬೈಸ್ಕಳೋದು ಆವಾಗ್ಲೇ. ಕಾಯಿ ಹಸಿರಿದ್ದಾಗಲೇ ಕತ್ತರಿಸ್ತಾ ಬಂದ್ರೆ ನೋಡೋಕೂ ಚೆಂದ, ಹೂವೂ ಮುಂದುವರೀತದೆ. ಮುಂಗಾರಿಗೆ ಮುಂಚೆ ಮೊಣಕಾಲು ಎತ್ತರಕ್ಕೆ ಒಂದ್ಸಲ ಗಟ್ಟಿಯಾಗಿ ಸವರಿ, ಗುಂಡಗೆ ಪೊದೆ ಆಗ್ತದೆ. ಎರೆ ಮಣ್ಣಲ್ಲಿ ನೀರು ನಿಲ್ಲೋ ಜಾಗ ಆದ್ರೆ ಮಣ್ಣು ಏರಿಸಿ ದಿಬ್ಬ ಮಾಡಿ ಹಾಕ್ರಿ. ದಾರಿ ಪಕ್ಕದ್ದು ಕಿತ್ತು ತಂದು ನೆಡೋಕೆ ಹೋಗ್ಬೇಡ್ರಿ, ತಾಯಿ ಬೇರು ಆಳಕ್ಕೆ ಇಳಿದಿರ್ತದೆ, ಕಿತ್ರೆ ಬದುಕೋದು ಕಷ್ಟ. ಒಣಗಿದ ಕಾಯಿ ತಂದು, ಬೀಜಕ್ಕೆ ಬಿಸಿ ನೀರು ಹೊಯ್ದು ರಾತ್ರಿ ನೆನೆಸಿ, ಎಲ್ಲಿ ಬೇಕೋ ಅಲ್ಲೇ ಊರಿ. ಸಿಪ್ಪೆ ಗಟ್ಟಿ, ನೆನೆಸದಿದ್ರೆ ತಿಂಗಳುಗಟ್ಲೆ ಸುಮ್ನೆ ಕೂರ್ತದೆ.

ಜಾಗ ಇನ್ನೂ ಜಾಸ್ತಿ ಇದ್ದೋರಿಗೆ ಲಕ್ಕಿ ಗಿಡ, ಆಡುಸೋಗೆ. ಲಕ್ಕಿ ನೀಲಿ ಹೂವಿಗೆ ಜೇನು ಮುತ್ತಿಗೆ ಹಾಕ್ತಾವೆ, ಕಡ್ಡಿ ಊರಿದ್ರೆ ಹತ್ಕಂತದೆ, ಆದ್ರೆ ಸುಮ್ನೆ ಬಿಟ್ರೆ ಮರ ಆಗೋಕೆ ಹೊರಡ್ತದೆ, ಹಿತ್ತಲ ಮೂಲೆಗೆ ಸೈ. ಆಡುಸೋಗೆ ಬೇಲಿಗೆ ಭಾಳ ಚೆನ್ನ, ಚಳಿಗಾಲ ಮುಗಿಯೋ ಹೊತ್ತಿಗೆ, ಬೇರೆ ಹೂ ಕಮ್ಮಿ ಇರೋವಾಗ ಬಿಳಿ ಹೂ ಬಿಡ್ತದೆ, ಕರಿ ದುಂಬಿಗೆ ಅದು ಆಸರೆ. ಕೆಮ್ಮಿಗೆ ಎಲೆ ಕೇಳ್ಕಂಡು ಓಣಿಯೋರೆಲ್ಲ ಬರ್ತಾರೆ, ಅದಕ್ಕೂ ರೆಡಿ ಇರ್ರಿ.

ಹೆಣ್ಮಕ್ಕಳಿಗೆ ಮುಡಿಯಾಕೂ ಆಗ್ಬೇಕು ಅಂದ್ರೆ ಕನಕಾಂಬರ. ಇದೂ ದಕ್ಷಿಣ ಭಾರತದ್ದೇ ಗಿಡ. ಮಟ್ಟಸವಾಗಿ ಬೆಳೀತದೆ, ಹೂ ವರ್ಷಪೂರ್ತಿ, ಸ್ವಲ್ಪ ನೆರಳೂ ನಡಿತದೆ. ನೀಟುತನಕ್ಕೆ ಹತ್ತಕ್ಕೆ ಒಂಬತ್ತು ಕೊಡ್ತೀನಿ. ಆದ್ರೆ ದಿನಾ ಹೂ ಬಿಡಿಸಿ ಮಾಲೆ ಕಟ್ಟಿದ್ರೆ ಚಿಟ್ಟೆಗೆ ಉಳಿಯೋದೇನು? ಮುಡಿಯೋ ಸಾಲು ಬೇರೆ, ಬಿಡೋ ಸಾಲು ಬೇರೆ ಮಾಡ್ಕಳ್ರಿ. ಡೆಲ್ಲಿ ಕನಕಾಂಬರ ಅಂತ ಮಾರೋದು ಬೀಜ ಕಟ್ಟದ ತಳಿ, ಕಡ್ಡಿಯಿಂದಲೇ ಬೆಳೆಸ್ಬೇಕು, ಊರ ಕನಕಾಂಬರ ಸಿಕ್ರೆ ಅದನ್ನೇ ಹಾಕ್ರಿ. ಎರೆ ಮಣ್ಣಲ್ಲಿ ಮಳೆಗಾಲಕ್ಕೆ ಬೇರು ಕೊಳೀತದೆ, ಅಲ್ಲಿ ಪಾಟೇ ವಾಸಿ.

ಕೇಪಳದ ಬಗ್ಗೆ ತುಂಬ ಜನ ಆಸೆ ಪಡ್ತಾರೆ, ಇಕ್ಸೋರಾ ಅಂತ ನರ್ಸರೀಲಿ ಕೊಡ್ತಾರಲ್ಲ. ಮಲೆನಾಡಲ್ಲಿ ನೋಡಿ ಬಂದೋರಿಗೆ ಅದೇ ಬೇಕು. ಅದಕ್ಕೆ ಹುಳಿ ಮಣ್ಣು ಇಷ್ಟ, ನಮ್ಮ ಸುಣ್ಣದ ಎರೆ ಮಣ್ಣಿಗೆ ಗಡಸು ಬೋರ್ ನೀರು ಹಾಕಿದ್ರೆ ಕಬ್ಬಿಣದ ಅಂಶ ಬೇರಿಗೆ ಸಿಗದಂಗಾಗಿ ಎಲೆ ಹಳದಿ ತಿರುಗ್ತದೆ, ನರ ಮಾತ್ರ ಹಸಿರು ಉಳೀತದೆ. ಪಾಟಲ್ಲಿ ಕೆಂಪು ಮಣ್ಣು, ಎಲೆಗೊಬ್ಬರ, ಮಳೆ ನೀರು ಕೊಡೋ ತಾಳ್ಮೆ ಇದ್ರೆ ಸರಿ. ಹೂವಿನ ಕೊಳವೆ ಉದ್ದ ಇರೋದ್ರಿಂದ ಜೇನಿನ ನಾಲಿಗೆ ನಿಲುಕಲ್ಲ, ಬರೋದು ಚಿಟ್ಟೆ.

ಎಕ್ಕ ಮನೆ ಒಳಗೆ ಬೇಡ. ಚಿಟ್ಟೆಗೆ ಒಳ್ಳೇದು, ಕಪ್ಪು ಬಿಳಿ ಹಳದಿ ಪಟ್ಟೆ ಹುಳ ಅದ್ರ ಎಲೆ ತಿಂದು ಕಿತ್ತಳೆ ಚಿಟ್ಟೆ ಆಗ್ತದೆ, ಎಲ್ಲಾ ಸರಿ, ಆದ್ರೆ ಹಾಲು ಕಣ್ಣಿಗೆ ಬಿದ್ರೆ ಆಸ್ಪತ್ರೆ ಗ್ಯಾರಂಟಿ. ಎದುರಿನ ಖಾಲಿ ಸೈಟಲ್ಲಿ ಇದ್ರೆ ಕೀಳಿಸ್ಬೇಡ್ರಿ, ಅಷ್ಟು ಸಾಕು.

ಟೈಲ್ಸ್ ಮಧ್ಯ, ಪಾಟಿನ ಅಂಚಲ್ಲಿ, ಬೊಗಸೆ ಮಣ್ಣಿರೋ ಕಡೆ ವಿಷ್ಣುಕ್ರಾಂತಿ. ನೆಲಕ್ಕೆ ಅಂಟ್ಕಂಡು ಹರಡ್ತದೆ, ಶರ್ಟ್ ಗುಂಡಿಗಿಂತ ಸಣ್ಣ ನೀಲಿ ಹೂ, ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುದುಡ್ತದೆ. ನರ್ಸರೀಲಿ ಇದೇ ಹೆಸರಲ್ಲಿ ದಪ್ಪ ಬೂದಿ ಹಸಿರು ಎಲೆ, ದೊಡ್ಡ ನೀಲಿ ಹೂವಿನ ಗಿಡ ಕೊಡ್ತಾರೆ, ಅದು ದಕ್ಷಿಣ ಅಮೆರಿಕದ ಸಂಬಂಧಿ. ಅದೇನು ವಿಷ ಅಲ್ಲ, ಆದ್ರೆ ನಮ್ಮದು ಬೇಕು ಅನ್ನೋರು ಮಳೆಗಾಲದಾಗೆ ಬಯಲಲ್ಲಿ ಹುಡುಕಿ ಒಂದೆರಡು ಕಾಯಿ ತರೋದೇ ದಾರಿ. ಸ್ಫಟಿಕದ ವಿಷಯದಲ್ಲೂ ಇಂಥದ್ದೇ ಮೋಸ ಐತೆ, ನೇರಳೆ ಹೂವಿನ ರುಯೆಲಿಯಾನ ಅದೇ ಇದು ಅಂತ ಕೊಟ್ಟು ಕಳಿಸ್ತಾರೆ. ಮಕ್ಕಳು ಕಾಯಿ ನೀರಿಗೆ ಹಾಕಿ ಚಟ್ ಅಂತ ಸಿಡಿಸ್ತಾವಲ್ಲ, ಆ ಜಾತಿ, ಅಮೆರಿಕದಿಂದ ಬಂದಿದ್ದು, ಒಂದ್ಸಲ ಬಿಟ್ರೆ ಚರಂಡಿ ತನಕ ಹಬ್ಬುತ್ತೆ.

ಹಂಗಾದ್ರೆ ಯಾರಿಗೆ ಯಾವುದು ಅಂತ ನೇರವಾಗಿ ಕೇಳಿದ್ರೆ: ಮೂರಡಿ ಪಟ್ಟಿ ಮಾತ್ರ ಇರೋ ಲೇಔಟ್ ಮನೆಗೆ ಸ್ಫಟಿಕದ ಒಂದೇ ಸಾಲು, ತುಳಸಿ ಪಾಟು ಎರಡು. ದುರ್ಗದ ಕಡೆ ಕೆಂಪು ಮಣ್ಣು, ಗೇಟ್ ಪಕ್ಕ ಜಾಗ, ನೀರಿಗೆ ತತ್ವಾರ ಅಂದ್ರೆ ಕಣ್ಣು ಮುಚ್ಚಿ ತಂಗಡಿ, ಕೆಳಗೆ ಗೋರಂಟೆ. ಬಾಡಿಗೆ ಮನೆ, ಪಾಟ್ ಮಾತ್ರ ಅಂದ್ರೆ ತುಳಸಿ, ಊರ ಕನಕಾಂಬರ. ಹತ್ತು ಜಾತಿ ಒಂದೊಂದು ತಂದು ಸಂತೆ ಮಾಡ್ಬೇಡ್ರಿ, ಒಂದೇ ಜಾತಿ ನಾಲ್ಕಾರು ಗಿಡ ಒಟ್ಟಿಗೆ ಇದ್ರೆ ಜೇನಿಗೆ ದೂರದಿಂದ ಕಾಣ್ತದೆ, ನೋಡೋರ ಕಣ್ಣಿಗೂ ಬೇಕಂತ ಬೆಳೆಸಿದಾರೆ ಅಂತ ಗೊತ್ತಾಗ್ತದೆ. ಸುತ್ತ ಒಂದು ಸಾಲು ಇಟ್ಟಿಗೆ ಓರೆಯಾಗಿ ಹೂತು ಅಂಚು ಕಟ್ರಿ, ಅಂಚು ಸರಿ ಇದ್ರೆ ಒಳಗೆ ಗಿಡ ಸ್ವಲ್ಪ ಆಕಡೆ ಈಕಡೆ ವಾಲಿದ್ರೂ ಯಾರೂ ಮಾತಾಡಲ್ಲ. ದುರ್ಗದ ಆಷಾಢದ ಗಾಳಿ ಗೊತ್ತಲ್ಲ, ಕರೆಂಟ್ ಮಾಡೋ ಗಾಳಿ ಫ್ಯಾನ್ ಹಾಕಿರೋ ಗುಡ್ಡಗಳ ಕಡೆ ಮನೆ ಇದ್ರೆ ತಂಗಡಿಗೆ ಮೊದಲ ವರ್ಷ ಒಂದು ಕೋಲು ಕಟ್ರಿ.

ಇನ್ನೊಂದು, ಅಂಗಳ ಪೂರ್ತಿ ಟೈಲ್ಸ್, ಕಾಂಕ್ರೀಟ್ ಮಾಡಿಸ್ಬೇಡ್ರಿ. ಒಂಟಿಯಾಗಿ ಬದುಕೋ ಜೇನುಗಳಲ್ಲಿ ಬಹಳಷ್ಟು ಗೂಡು ಮಾಡೋದು ಏನೂ ಮುಚ್ಚದ ಮಣ್ಣಲ್ಲಿ, ಗಿಡದ ಬುಡದಾಗೆ ಮೊರದಗಲ ಜಾಗ ಗೊಬ್ಬರ, ಜಲ್ಲಿ ಏನೂ ಹಾಕ್ದೆ ಬಿಟ್ರೆ ಸಾಕು. ಕರಿ ದುಂಬಿ ಒಣ ಬಿದಿರು, ಒಣ ಕಟ್ಟಿಗೆ ಕೊರೀತದೆ, ಒಂದು ಹಳೇ ಬಿದಿರು ಗಳ ಶೆಡ್ಡಿನ ಸೂರಿಗೆ ಅಡ್ಡ ಕಟ್ಟಿದ್ರೆ ನಿಮ್ಮ ಬಾಗಿಲು ಚೌಕಟ್ಟಿಗೆ ಅದು ಕಣ್ಣು ಹಾಕೋದು ಕಮ್ಮಿ.

ನೆಡೋಕೆ ಜೂನ್ ಎರಡನೇ ವಾರದ ಮೇಲೆ ಒಳ್ಳೇದು, ಒಂದೆರಡು ಹದ ಮಳೆ ಆಗಿರ್ಬೇಕು. ಸ್ಫಟಿಕ, ಗೋರಂಟೆಗೆ ನರ್ಸರಿ ದುಡ್ಡು ದಂಡ, ಯಾರದ್ದಾದ್ರೂ ಹಿತ್ತಲಿಂದ ಗೇಣುದ್ದ ಕಡ್ಡಿ ಮುರ್ಕಂಡು ಬಂದ್ರೆ ಹತ್ಕಂತದೆ. ಲಕ್ಕಿ, ಆಡುಸೋಗೆ ಅರಣ್ಯ ಇಲಾಖೆ ನರ್ಸರೀಲಿ ಕೇಳಿ ನೋಡ್ರಿ. ಅಂಗಡಿಯಿಂದ ಗಿಡ ತಂದ್ರೆ ಮೊದಲ ಸಲದ ಹೂವು ಕತ್ತರಿಸಿ ಬಿಡ್ರಿ, ಇಮಿಡಾಕ್ಲೋಪ್ರಿಡ್ ಥರದ ಹುಳ ಸಾಯಿಸೋ ಔಷಧಿ ಹೊಡೆದಿದ್ರೆ ಅದು ಗಿಡದ ರಸದಾಗೆ ಸೇರಿ ಮಕರಂದ, ಪರಾಗದ ತನಕ ಹೋಗ್ತದೆ. ಪಕ್ಕದಾಗೆ ದಾಸವಾಳ, ಗುಲಾಬಿ ಇದ್ದು ಹಿಟ್ಟುತಿಗಣೆ ಕಾಟ ಅಂತ ಅದಕ್ಕೆ ಇದೇ ಔಷಧಿ ಹೊಡೆದ್ರೂ ಅಷ್ಟೇ ಕತೆ, ಆ ಹೂವಿಗೂ ಇದೇ ಜೇನು ಹೋಗೋದು. ಪೈಪ್ ನೀರು ರಭಸಕ್ಕೆ ಬಿಟ್ಟು ತೊಳೀರಿ, ಹೋಗ್ಲಿಲ್ಲ ಅಂದ್ರೆ ಬೇವಿನೆಣ್ಣೆಗೆ ಒಂಚೂರು ಸೋಪಿನ ನೀರು ಕಲಸಿ, ಜೇನೆಲ್ಲ ಗೂಡು ಸೇರಿದ್ಮೇಲೆ, ಹೊತ್ತು ಮುಳುಗಿದ ಮೇಲೇ ಹೊಡೀರಿ.